ಕಲ್ಲಣಬೆಯ ಜಾಗ

ಕದ್ರಿಯ ಹತ್ತಿರ ಪೂಜೆಯ ಭಟ್ಟರ ಮನೆಯಲ್ಲಿ ಹುಟ್ಟಿದ ನೀರಜಾಕ್ಷಿ ಅಣಬೆಯ ವಿಜ್ಞಾನಿಯಾದದ್ದು, ಅವಳ ತಾಯಿ ವಾರಿಜಮ್ಮನ ಪ್ರಕಾರ, ಯಾವುದೋ ಜನ್ಮದ ಕರ್ಮಫಲ. ನೀರುಳ್ಳಿಗೇ ಪ್ರವೇಶವಿಲ್ಲದ ಮನೆ ಅದು. ಇನ್ನು ಅಣಬೆಯ ಮಾತೆಲ್ಲಿ ಬಂತು? ಮಳೆಗಾಲದಲ್ಲಿ ಹಿತ್ತಿಲಲ್ಲಿ ಒಂದು ನಾಯಿಕೊಡೆ ತಲೆಯೆತ್ತಿದರೂ ವಾರಿಜಮ್ಮ ಅದನ್ನು ಕೋಲಿನಿಂದ ಕಿತ್ತು ಬೇಲಿಯಾಚೆ ಎಸೆದು, ಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದರು. ಅಂಥ ಮನೆಯ ಹುಡುಗಿ ಮದರಾಸಿಗೆ ಹೋಗಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮಂಗಳೂರಿಗೆ ಮರಳಿ, ಗುಡ್ಡೆಯ ಮೇಲಿನ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದಳು. ಅಲ್ಲಿಗೆ ಎಲ್ಲವೂ ಸುಖಾಂತವಾಗಬೇಕಿತ್ತು. ಆದರೆ ಅವಳ ತಲೆಯಲ್ಲಿ ಒಂದು ಪ್ರಶ್ನೆ ಹುಳದಂತೆ ಹೊಕ್ಕಿತ್ತು: ಅಣಬೆಗಳು ಮರದ ಬೇರಿನ ಜೊತೆ ನೆಂಟಸ್ತನ ಮಾಡುತ್ತವೆ ಎಂದು ಪರದೇಶದ ಪುಸ್ತಕಗಳು ಹೇಳುತ್ತವಲ್ಲ, ಆ ನೆಂಟಸ್ತನ ನಮ್ಮ ಊರಿನ ಮರಗಳಿಗೂ ಉಂಟೋ ಇಲ್ಲವೋ?

೧೯೫೭ರ ಜೂನ್ ತಿಂಗಳಲ್ಲಿ, ಮೊದಲ ಗುಡುಗು ಬಡಿದ ನಾಲ್ಕನೆಯ ದಿನ, ಹಂಪನಕಟ್ಟೆಯ ಹತ್ತಿರದ ಮಾರುಕಟ್ಟೆಯಲ್ಲಿ ಅವಳಿಗೆ ಪಾತುಮ್ಮ ಕಂಡರು. ಐವತ್ತು ದಾಟಿದ ಬ್ಯಾರಿ ಹೆಂಗಸು. ತಲೆಗೆ ಬಿಳಿ ವಸ್ತ್ರ, ಮುಂದೆ ಸಾಗುವಾನಿ ಎಲೆ ಮುಚ್ಚಿದ ಬುಟ್ಟಿ, ಬುಟ್ಟಿಯ ಸುತ್ತ ಕೊಡೆ ಹಿಡಿದ ಗಿರಾಕಿಗಳ ಗುಂಪು. ಎಲೆ ಸರಿಸಿದರೆ ಒಳಗೆ ಮಣ್ಣು ಮೆತ್ತಿದ ಪುಟ್ಟ ಪುಟ್ಟ ಉಂಡೆಗಳು. ತಿಳಿಯದವರು ಬೆಣಚುಕಲ್ಲೆಂದೇ ಎಣಿಸಬೇಕು. ಅದೇ ಕಲ್ಲಣಬೆ, ತುಳುವಿನ ಕಲ್ಲಲಾಂಬು. ವರ್ಷಕ್ಕೆ ಹತ್ತು ಹದಿನೈದು ದಿನ ಮಾತ್ರ ಸಿಗುವ ಅದನ್ನು ತೆಂಗಿನತುರಿ ಮಸಾಲೆ ಹಾಕಿ ಸುಕ್ಕ ಮಾಡಿ ತಿಂದವರು ಅದರ ಮುಂದೆ ಕೋಳಿಯೂ ಬೇಡ ಎನ್ನುತ್ತಾರೆ.

ಗುಂಪಿನಲ್ಲಿ ನುಗ್ಗಿ ಬಂದ ನೀರಜಾಕ್ಷಿಯನ್ನು ಪಾತುಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮಗೆಂತ ಬೇಕಮ್ಮ? ಬಸಳೆ ಆಚೆ ಉಂಟು."

"ಇದೇ ಬೇಕು. ಒಂದು ಸೇರು ಕೊಡಿ. ಇದು ಎಲ್ಲಿಂದ ತಂದದ್ದು?"

ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗದೆ ಏನು ಮಾಡುತ್ತಾರೆ? ಕಲ್ಲಣಬೆಯ ಜಾಗವನ್ನು ಈ ಸೀಮೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಚಿನ್ನ ಇಟ್ಟ ಪೆಟ್ಟಿಗೆ ತೋರಿಸಿಯಾರು, ಜಾಗ ತೋರಿಸಲಾರರು. ಅತ್ತೆ ಸೊಸೆಗೆ ಹೇಳುವುದಿಲ್ಲ, ಅಣ್ಣ ತಮ್ಮನಿಗೆ ಹೇಳುವುದಿಲ್ಲ. ಕೊನೆಗಾಲ ಬಂದಾಗ ಒಬ್ಬರ ಕಿವಿಯಲ್ಲಿ ಉಸುರಿ ಕಣ್ಣು ಮುಚ್ಚುವುದು ಪದ್ಧತಿ. ಅಂಥದ್ದನ್ನು ಪೇಟೆಯ ನಡುವೆ ನಿಂತು ಕೇಳಿದ್ದಳು ನಮ್ಮ ಎಂ.ಎಸ್ಸಿ.

ಆದರೆ ಅವಳು ಬಿಡುವ ಪೈಕಿಯಲ್ಲ. ಮರುದಿನವೂ ಬಂದಳು, ಅದರ ಮರುದಿನವೂ. ಐದನೆಯ ದಿನ ಪಾತುಮ್ಮನಿಗೇ ತಡೆಯಲಾಗಲಿಲ್ಲ.

"ಅಲ್ಲಮ್ಮ, ನೀವು ಭಟ್ರ ಪೈಕಿ. ದಿನಾ ಇದನ್ನು ಕೊಂಡು ಹೋಗಿ ಎಂತ ಮಾಡ್ತೀರಿ?"

"ತೆಳ್ಳಗೆ ಕತ್ತರಿಸಿ, ದೊಡ್ಡದಾಗಿ ಕಾಣುವ ಕನ್ನಡಿಯ ಕೆಳಗೆ ಇಟ್ಟು ನೋಡ್ತೇನೆ."

"ನೋಡಿ?"

"ನೋಡಿ ಬಿಸಾಡ್ತೇನೆ."

"ಯಾ ಅಲ್ಲಾಹ್! ಬಿಸಾಡುವುದಾ?" ಪಾತುಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. "ಒಂದು ತುಂಡು ನಾಲಗೆಗೂ ಇಡುವುದಿಲ್ಲವಾ?"

"ಇಲ್ಲ. ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಅಜ್ಜನ ಕಾಲದಿಂದಲೂ ತಿಂದದ್ದಿಲ್ಲ."

ಪಾತುಮ್ಮ ಎಲೆಯನ್ನು ಮತ್ತೆ ಬುಟ್ಟಿಯ ಮೇಲೆ ಎಳೆದರು. ಆಮೇಲೆ ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ತಿನ್ನದವಳು ಕದಿಯಲಾರಳು. ಮಾರಿದರೆ ಭಟ್ಟರ ಮನೆಯ ಮಾನ ಹೋಗುತ್ತದೆ, ಹಾಗಾಗಿ ಮಾರಲೂ ಆರಳು. ಇಡೀ ಮಂಗಳೂರಿನಲ್ಲಿ ಕಲ್ಲಣಬೆಯ ಜಾಗ ತೋರಿಸಲು ಇವಳಷ್ಟು ಭದ್ರವಾದ ಮನುಷ್ಯರು ಬೇರೆ ಯಾರಿದ್ದಾರೆ?

"ನಾಳೆ ಬೆಳಿಗ್ಗೆ ಕಾವೂರಿನ ಬಸ್ಸಿಗೆ ಬನ್ನಿ" ಎಂದರು ಪಾತುಮ್ಮ ಮೆಲ್ಲಗೆ. "ಆದರೆ ನಿಮ್ಮ ದೇವರ ಮೇಲೆ ಆಣೆ ಹಾಕಬೇಕು. ಯಾರಿಗೂ ಹೇಳಬಾರದು. ಯಾರಿಗೂ ಅಂದರೆ ಯಾರಿಗೂ."

ನೀರಜಾಕ್ಷಿ ಆಣೆ ಹಾಕಿದಳು. ತಲೆಮಾರುಗಳ ಮಡಿ ತನ್ನನ್ನು ಒಂದು ಅಣಬೆಯ ಗುಡ್ಡೆಗೆ ಕರೆದೊಯ್ಯುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಕಾವೂರಿನಲ್ಲಿ ಇಳಿದು ಎತ್ತ ನಡೆದರು, ಎಷ್ಟು ದೂರ ನಡೆದರು ಎಂದು ಕೇಳಬೇಡಿ. ಕಥೆ ಹೇಳುವ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವವನಲ್ಲ. ಅಲ್ಲಿ ಒಂದು ಗುಡ್ಡೆಯಿತ್ತು, ಗುಡ್ಡೆಯ ತುಂಬ ಕಿರಾಲ್‌ಬೋಗಿ ಮರಗಳಿದ್ದವು. ಬಂದರಿನಲ್ಲಿ ದೋಣಿ ಕಟ್ಟುವವರು ಪ್ರಾಣ ಬಿಡುವಂಥ ಗಟ್ಟಿ ಮರ ಅದು. ಪಾತುಮ್ಮ ಬರಿಗಾಲಿನಲ್ಲಿ ಮರದ ಬುಡದ ಸುತ್ತ ಮೆಲ್ಲಗೆ ಹೆಜ್ಜೆಯಿಡುತ್ತಿದ್ದರು. ಅಂಗಾಲಿಗೆ ಮಣ್ಣಿನ ಒಳಗೊಂದು ಗಂಟು ತಾಗಿತೋ, ಬಗ್ಗಿ, ಬೆರಳಿನಿಂದ ಕೆದಕಿ, ಉಂಡೆಯನ್ನು ಎತ್ತಿ ಮಡಿಲಿಗೆ ಹಾಕುವುದು.

"ಬೇರೆ ಮರದ ಕೆಳಗೆ ಸಿಗುವುದಿಲ್ಲವಾ?"

"ಇಲ್ಲ ಮಾರಾಯ್ತಿ! ಮಾವಿನ ಕೆಳಗೆ ಇಲ್ಲ, ಹಲಸಿನ ಕೆಳಗೆ ಇಲ್ಲ. ಇದು ಈ ಮರದ ಮಗು. ತಾಯಿ ಹಾಲು ಕೊಡ್ತದೆ, ಮಗು ಕುಡೀತದೆ."

ನೀರಜಾಕ್ಷಿ ಆ ದಿನ ಮರದ ಎಳೆಬೇರುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಸಂಜೆ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಎಷ್ಟೋ ಹೊತ್ತು ಏಳಲಿಲ್ಲ. ಪ್ರತಿಯೊಂದು ಬೇರಿನ ತುದಿಗೂ ಬಿಳಿಯ ಕೈಗವಸು ತೊಡಿಸಿದಂತೆ ಅಣಬೆಯ ನೂಲು ಸುತ್ತಿಕೊಂಡಿತ್ತು. ಆ ನೂಲು ಮಣ್ಣಿನ ಸಂದುಗೊಂದುಗಳಿಗೆ ಹೋಗಿ, ಬೇರಿಗೆ ಎಟುಕದ ಸಾರವನ್ನು ತಂದು ಮರಕ್ಕೆ ಕೊಡುವುದು. ಮರ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಕೆಳಗೆ ಇಳಿಸಿ ಅಣಬೆಗೆ ಕೊಡುವುದು. ಪಾತುಮ್ಮ ಹೇಳಿದ್ದು ಅರ್ಧ ಸತ್ಯ. ಇಲ್ಲಿ ಮಗುವೂ ತಾಯಿಗೆ ಉಣಿಸುತ್ತಿತ್ತು. ಅವಳಿಗೆ ಎದ್ದು ಕುಣಿಯಬೇಕೆನಿಸಿತು, ಆದರೆ ಪಕ್ಕದ ಕೋಣೆಯಲ್ಲಿ ಪ್ರಿನ್ಸಿಪಾಲರಿದ್ದರು.

ಕಂಡದ್ದೇನೋ ಸರಿ, ಅದನ್ನು ತೋರಿಸಿಕೊಡಬೇಕಲ್ಲ. ಮಣ್ಣನ್ನು ಹಬೆಯಲ್ಲಿ ಬೇಯಿಸಿ ಅದರಲ್ಲಿರುವ ಜೀವಾಣುಗಳನ್ನೆಲ್ಲ ಕೊಂದು, ಅರ್ಧ ಕುಂಡಗಳಿಗೆ ಕಲ್ಲಣಬೆಯ ಪುಡಿ ಸೇರಿಸಿ, ಉಳಿದರ್ಧವನ್ನು ಹಾಗೆಯೇ ಬಿಟ್ಟು, ಎರಡರಲ್ಲೂ ಕಿರಾಲ್‌ಬೋಗಿಯ ಬೀಜ ಬಿತ್ತಬೇಕು. ಕಾಲೇಜಿನಲ್ಲಿದ್ದ ಹಬೆಯ ಪಾತ್ರೆಯಲ್ಲಿ ಒಂದು ಲೋಟ ಮಣ್ಣೂ ಹಿಡಿಯುತ್ತಿರಲಿಲ್ಲ. ಅಷ್ಟು ಮಣ್ಣು ಬೇಯಿಸುವ ಪಾತ್ರೆ ಊರಿನಲ್ಲಿ ಇದ್ದದ್ದು ಒಂದೇ ಕಡೆ: ವಾರಿಜಮ್ಮನ ಅಡುಗೆಮನೆಯಲ್ಲಿ, ಅಷ್ಟಮಿಗೆ ನೂರು ಜನಕ್ಕೆ ಕಡುಬು ಬೇಯಿಸುವ ತಾಮ್ರದ ಅಟ್ಟಿನಳಗೆ.

ವಾರಿಜಮ್ಮ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಹಿತ್ತಿಲಿನ ಒಲೆಯ ಮೇಲೆ ಮಣ್ಣು ಘಮಘಮಿಸುತ್ತಿತ್ತು.

"ಅಯ್ಯೋ ನೀರಜಾ! ಕಡುಬು ಬೇಯಿಸುವ ಅಟ್ಟಿನಳಗೆಯಲ್ಲಿ ಕೆಸರು ಬೇಯಿಸುವ ಹೆಣ್ಣು ಯಾವ ಮನೆಯಲ್ಲಿ ಉಂಟು, ಹೇಳು!"

"ಶುದ್ಧ ಮಾಡ್ತಾ ಇದ್ದೇನೆ ಅಮ್ಮ. ಮಣ್ಣಿಗೂ ಮಡಿ ಬೇಕಲ್ಲ."

ಮಡಿಯ ಹೆಸರೆತ್ತಿದ ಮೇಲೆ ವಾರಿಜಮ್ಮ ಕಾಲು ತೊಳೆದುಕೊಂಡು ಒಳಗೆ ಹೋದರು. ಆ ಅಟ್ಟಿನಳಗೆ ಮಾತ್ರ ಮತ್ತೆ ಒಳಗೆ ಬರಲಿಲ್ಲ. ಅದು ಶಾಶ್ವತವಾಗಿ ವಿಜ್ಞಾನದ ಪಾಲಾಯಿತು.

ಹನ್ನೊಂದು ತಿಂಗಳಲ್ಲಿ ಫಲ ಕಾಣಿಸಿತು. ಕಲ್ಲಣಬೆಯ ಪುಡಿ ಬಿದ್ದ ಇಪ್ಪತ್ತು ಸಸಿಗಳು ಮೊಣಕಾಲುದ್ದ ಬೆಳೆದು ಗಾಳಿಗೆ ತಲೆದೂಗುತ್ತಿದ್ದವು. ಬೀಳದ ಇಪ್ಪತ್ತು ಗೇಣುದ್ದಕ್ಕೇ ಹಳದಿಯಾಗಿ ಕುಳಿತಿದ್ದವು. ನೀರಜಾಕ್ಷಿ ಎಲ್ಲವನ್ನೂ ಬರೆದು ಮದರಾಸಿನ ತನ್ನ ಗುರುಗಳಾದ ಪ್ರೊಫೆಸರ್ ಹೃಷೀಕೇಶ ರಾಯರಿಗೆ ಕಳಿಸಿದಳು. ಅವರು ಒಪ್ಪಿದರೆ ಡಾಕ್ಟರೇಟ್, ಒಪ್ಪದಿದ್ದರೆ ಇಲ್ಲ. ಮೂಲದಲ್ಲಿ ಉಡುಪಿಯ ಕಡೆಯವರಾದ ರಾಯರು ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವವರು ದಾರಿಯಲ್ಲಿ ಮಂಗಳೂರಿಗೆ ಬಂದರು, ಕುಂಡಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದನ್ನೂ ನೋಡಿದರು.

"ಭೇಷ್" ಎಂದರು. "ಗಿಡಕ್ಕೆ ಅಣಬೆ ಬೇಕು ಎಂಬುದನ್ನು ತೋರಿಸಿದ್ದೀ. ಆದರೆ ಈ ಬೇರಿನ ನೆಂಟಸ್ತನದಿಂದಲೇ ಕಲ್ಲಣಬೆ ಹುಟ್ಟುತ್ತದೆ ಎಂಬುದನ್ನು ಎಲ್ಲಿ ತೋರಿಸಿದ್ದೀ? ನಡಿ, ಅದು ಹುಟ್ಟುವ ಜಾಗ ತೋರಿಸು. ನಾನು ಕಣ್ಣಾರೆ ನೋಡಬೇಕು, ಪ್ರಬಂಧದಲ್ಲಿ ಜಾಗದ ಹೆಸರು ಬರೆಯಬೇಕು. ನಾಳೆ ಇನ್ನೊಬ್ಬ ಅಲ್ಲಿಗೇ ಹೋಗಿ ಪರೀಕ್ಷೆ ಮಾಡಲು ಸಾಧ್ಯವಾಗಬೇಕು. ಅದಲ್ಲವೇ ವಿಜ್ಞಾನ?"

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಕಷ್ಟ. ನೀರಜಾಕ್ಷಿ ಒಂದು ದಿನದ ಸಮಯ ಕೇಳಿ ಮಾರುಕಟ್ಟೆಗೆ ಓಡಿದಳು. ಪಾತುಮ್ಮ ಪುನರ್ಪುಳಿ ಹಣ್ಣು ಹರವಿಕೊಂಡು ಕುಳಿತಿದ್ದರು. ಇವಳನ್ನು ಕಂಡದ್ದೇ ತಡ, ಒಂದು ಬಟ್ಟೆಯ ಗಂಟನ್ನು ಕೈಯಲ್ಲಿಟ್ಟರು. ಒಳಗೆ ಕಿರಾಲ್‌ಬೋಗಿಯ ರೆಕ್ಕೆಯ ಬೀಜ.

"ನಿಮಗೆ ಬೇಕಾಗ್ತದೆ ಅಂತ ಹೆಕ್ಕಿ ಇಟ್ಟೆ. ಬೇಗ ಬಿತ್ತಬೇಕು, ವಾರ ಕಳೆದರೆ ಸತ್ತು ಹೋಗ್ತದೆ. ಎಂತ ಟೀಚರೇ, ಮುಖ ಬಾಡಿದೆ?"

"ಎಂತ ಇಲ್ಲ" ಎಂದಳು ನೀರಜಾಕ್ಷಿ. ಆಣೆಯಿಂದ ಬಿಡುಗಡೆ ಕೇಳಲು ಹೋದವಳು ಎರಡು ಸೇರು ಪುನರ್ಪುಳಿ ಕೊಂಡು ಹಿಂತಿರುಗಿದಳು.

"ಜಾಗ ಹೇಳಲಾರೆ ಸರ್. ಮಾತು ಕೊಟ್ಟಿದ್ದೇನೆ."

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು. ಒಳಗೊಳಗೇ ಸ್ವಲ್ಪ ಮೆಚ್ಚುಗೆಯೂ ಇದ್ದಿರಬೇಕು. "ಹಾಗಾದರೆ ಇನ್ನೊಂದು ದಾರಿ ಉಂಟು. ಹಿಂದೆಂದೂ ಈ ಅಣಬೆ ಇಲ್ಲದ ಜಾಗದಲ್ಲಿ ಈ ಸಸಿಗಳನ್ನು ನೆಡು. ಅವುಗಳ ಬುಡದಲ್ಲಿ ಕಲ್ಲಣಬೆ ಹುಟ್ಟಿಸು. ಹುಟ್ಟಿದ ದಿನ ನಾನೇ ಬಂದು ಸಹಿ ಹಾಕುತ್ತೇನೆ. ಎಷ್ಟು ವರ್ಷ ಹಿಡಿಯುತ್ತದೋ ದೇವರಿಗೇ ಗೊತ್ತು."

ಅವಳು ನೆಟ್ಟಳು. ಕಾಲೇಜಿನ ಹಿಂದೆ ಮುರಕಲ್ಲಿನ ಬೋಳು ಇಳಿಜಾರೊಂದಿತ್ತು. ಹುಲ್ಲು ಕೂಡ ಮನಸ್ಸಿಲ್ಲದ ಮನಸ್ಸಿನಿಂದ ಬೆಳೆಯುವ ಜಾಗ. ಮೇಲಿನ ಸಾಲಿನಲ್ಲಿ ಅಣಬೆಯ ಇಪ್ಪತ್ತು, ಮೂವತ್ತು ಹೆಜ್ಜೆ ಕೆಳಗೆ ಅಣಬೆಯಿಲ್ಲದ ಇಪ್ಪತ್ತು. ಯಾರಾದರೂ ಕೇಳಿದರೆ, "ಮರದ ಎತ್ತರ ಅಳೆಯುತ್ತಿದ್ದೇನೆ" ಎನ್ನುತ್ತಿದ್ದಳು. ಕಲ್ಲಣಬೆಯ ಹೆಸರು ಎತ್ತಿದರೆ ಊರೆಲ್ಲ ಗುದ್ದಲಿ ಪಿಕ್ಕಾಸು ಹಿಡಿದು ಬಂದು ಬೇರು ಕಡಿದು ಹಾಕುತ್ತದೆ ಎಂಬ ಹೆದರಿಕೆ. ಪಾತುಮ್ಮನ ಶಿಷ್ಯೆಯಲ್ಲವೇ? ಗುರುವಿಗೆ ತಕ್ಕ ಗುಟ್ಟು.

ಎಂಟು ವರ್ಷ. ಹೇಳುವುದು ಸುಲಭ. ಆ ಎಂಟು ವರ್ಷಗಳಲ್ಲಿ ಅವಳು ಕರಿಮೆಣಸಿನ ಬೇರು ನೋಡಿದಳು, ಗೇರಿನ ಬೇರು ನೋಡಿದಳು, ಸೀತಾಳೆ ಹೂವಿನ ಬೇರು ನೋಡಿದಳು. ಎಲ್ಲ ಕಡೆಯೂ ಯಾವುದಾದರೊಂದು ಶಿಲೀಂಧ್ರ ನೆಂಟನಂತೆ ಬಂದು ಕುಳಿತಿತ್ತು. ಬೇರೆ ಬೇರೆ ಪತ್ರಿಕೆಗಳಲ್ಲಿ ಏಳು ಲೇಖನಗಳು ಬಂದವು. ಡಾಕ್ಟರೇಟ್ ಮಾತ್ರ ಬರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಹುಡುಗನ ಕಡೆಯವರಿಗೆ ಅಟ್ಟಿನಳಗೆಯ ಕಥೆ ಹೇಗೋ ತಿಳಿದುಬಿಡುತ್ತಿತ್ತು. ಅವಳಿಗೇನೂ ಅದರಿಂದ ದುಃಖವಾಗಲಿಲ್ಲ. ಬೆಳಿಗ್ಗೆ ಎದ್ದರೆ ಮಾಡಲು ಇಷ್ಟದ ಕೆಲಸವಿತ್ತು. ಅಷ್ಟು ಭಾಗ್ಯ ಎಷ್ಟು ಜನಕ್ಕೆ ಉಂಟು? ಜೂನ್ ಬಂತೆಂದರೆ ಮಾತ್ರ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊದಲ ಗುಡುಗಿನ ಮರುದಿನದಿಂದಲೇ, ಕ್ಲಾಸು ಮುಗಿದ ಮೇಲೆ, ಕೊಡೆ ಹಿಡಿದು ಇಳಿಜಾರಿಗೆ ಹೋಗಿ ಬಗ್ಗಿ ಬಗ್ಗಿ ನೋಡುವಳು. ಬರಿಗೈಯಲ್ಲಿ ವಾಪಸು ಬರುವಳು.

೧೯೬೬ರ ಮಾರ್ಚಿನಲ್ಲಿ ಸಿಡಿಲೊಂದು ಕಾಗದದ ರೂಪದಲ್ಲಿ ಬಂತು. ಕಾಲೇಜಿನ ಆಡಳಿತ ಸಮಿತಿ ಹೊಸ ಹಾಸ್ಟೆಲ್ ಕಟ್ಟಲು ತೀರ್ಮಾನಿಸಿತ್ತು. ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಹಿಂದಿನ ಇಳಿಜಾರನ್ನು ಕಡಿದು ಸಮತಟ್ಟು ಮಾಡುವುದು. ಅದೇ ವಾರ ರಾಯರ ಕಾರ್ಡೂ ಬಂತು: ಈ ವರ್ಷ ನಿವೃತ್ತಿಯಾಗುತ್ತಿದ್ದೇನೆ, ಜೂನ್ ನಡುವೆ ಮಂಗಳೂರಿಗೆ ಬರುತ್ತೇನೆ, ಸಹಿ ಹಾಕಲು ಅದೇ ಕೊನೆಯ ಅವಕಾಶ.

ಅಂದರೆ ಉಳಿದದ್ದು ಒಂದೇ ಜೂನ್.

ಗುಡುಗಿತು. ಮಳೆ ಸುರಿಯಿತು. ನೀರಜಾಕ್ಷಿ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಐದು ದಿನ ನೋಡಿದಳು. ಮರಗಳೇನೋ ಮೇಲಿನ ಸಾಲಿನಲ್ಲಿ ಅವಳ ಎರಡರಷ್ಟು ಎತ್ತರ ನಿಂತು ನಗುತ್ತಿದ್ದವು. ಬುಡದಲ್ಲಿ ಎಲೆಗಳು, ಎರೆಹುಳು, ಕೆಸರು. ಆರನೆಯ ದಿನ ಅವಳು ಕೊಡೆಯ ಕೆಳಗೆ ನಿಂತೇ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಸೀದಾ ಮಾರುಕಟ್ಟೆಗೆ ಹೋಗಿ ಪಾತುಮ್ಮನನ್ನು ರಿಕ್ಷಾದಲ್ಲಿ ಕೂರಿಸಿ ಕರೆತಂದಳು.

ಪಾತುಮ್ಮನಿಗೆ ಈಗ ಅರುವತ್ತು ದಾಟಿತ್ತು, ಅಂಗಾಲು ಮಾತ್ರ ಹಳೆಯದೇ. ಮೇಲಿನ ಸಾಲಿನ ಮೂರನೆಯ ಮರದ ಬುಡದಲ್ಲಿ ಎರಡು ಹೆಜ್ಜೆ ಇಟ್ಟು ನಿಂತರು. ನಾಲ್ಕನೆಯದರಲ್ಲಿ ನಿಂತರು. ಐದನೆಯದರ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಗತೊಡಗಿದರು.

"ಟೀಚರೇ, ನಿಮ್ಮ ತೋಟಕ್ಕೆ ಕಳ್ಳ ಬಿದ್ದಿದ್ದಾನೆ!"

"ಎಂತ?"

"ಮಣ್ಣು ಸಡಿಲ ಉಂಟು, ನೋಡಿ ಇಲ್ಲಿ, ಇಲ್ಲಿ, ಇಲ್ಲಿ. ಕೆದಕಿ, ಹೆಕ್ಕಿ, ಮುಚ್ಚಿ, ಮೇಲೆ ಎಲೆ ಹಾಸಿದ್ದಾನೆ. ಕೆಲಸ ಗೊತ್ತಿದ್ದವನು. ಇಷ್ಟು ಚಂದ ನಾನೂ ಮುಚ್ಚುವುದಿಲ್ಲ."

ನೀರಜಾಕ್ಷಿ ಬಗ್ಗಿ ಸಡಿಲ ಮಣ್ಣನ್ನು ಮುಟ್ಟಿ ನೋಡಿದಳು. ಹುಟ್ಟಿತ್ತು! ಹುಟ್ಟಿತ್ತು, ಮತ್ತು ಯಾರೋ ತಿಂದು ಬಿಟ್ಟಿದ್ದರು. ಕುಣಿಯಬೇಕೋ ಹೊಡೆಯಬೇಕೋ ತಿಳಿಯದೆ ಅವಳು ಪಾತುಮ್ಮನ ಕೈ ಹಿಡಿದುಕೊಂಡಳು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಇಬ್ಬರೂ ಪಂಪಿನ ಕೊಟ್ಟಿಗೆಯ ಹಿಂದೆ ಅಡಗಿ ಕುಳಿತರು. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಖಾಕಿ ಅಂಗಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಕೈಯಲ್ಲಿ ಒಂದು ಎನಾಮಲ್ ಮಗ್ಗು, ಇನ್ನೊಂದರಲ್ಲಿ ಬಾಗಿಸಿದ ಚಮಚ. ಬಂದದ್ದು ಬೇರೆ ಯಾರೂ ಅಲ್ಲ, ಅವಳದೇ ಪ್ರಯೋಗಶಾಲೆಯ ಅಟೆಂಡರ್ ಝೇವಿಯರ್. ಐದು ವರ್ಷಗಳಿಂದ ಅವಳ ಗಾಜಿನ ಸಾಮಾನು ತೊಳೆಯುತ್ತ, ಇದೇ ಇಳಿಜಾರಿನ ಕಳೆ ಕೀಳುತ್ತ ಬಂದ ನಿಷ್ಠಾವಂತ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಝೇವಿಯರ್!"

ಮಗ್ಗು ಉರುಳಿತು. ಮೂರು ಬಿಳಿ ಉಂಡೆಗಳು ಇಳಿಜಾರಿನಲ್ಲಿ ಉರುಳಿ ಹೋಗಿ ಪಾತುಮ್ಮನ ಕಾಲಿನ ಹತ್ತಿರ ನಿಂತವು.

"ಮೇಡಂ... ಮೇಡಂ, ನಾನು... ಗುಡ್ ಮಾರ್ನಿಂಗ್ ಮೇಡಂ."

"ಎಷ್ಟು ದಿನದಿಂದ ಹೆಕ್ತಾ ಇದ್ದೀರಿ?"

"ದಿನ ಅಲ್ಲ ಮೇಡಂ. ಮೂರು ವರ್ಷ ಆಯ್ತು."

"ಮೂರು ವರ್ಷ! ನನಗೆ ಒಂದು ಮಾತು ಹೇಳಲಿಲ್ಲ?"

ಝೇವಿಯರನ ಮುಖದಲ್ಲಿ ನಿಜವಾದ ಆಶ್ಚರ್ಯ ಕಾಣಿಸಿತು. "ಕಲ್ಲಣಬೆಯ ಜಾಗ ಯಾರಾದರೂ ಹೇಳ್ತಾರಾ ಮೇಡಂ? ಜೆಸ್ಸಿಗೇ ಹೇಳಲಿಲ್ಲ ನಾನು, ಕಟ್ಟಿಕೊಂಡ ಹೆಂಡ್ತಿಗೆ! ಮಾರ್ಕೆಟ್‌ನಿಂದ ತಂದೆ ಅಂತ ಹೇಳ್ತೇನೆ. ಮತ್ತೆ ನೀವು ಇಲ್ಲಿ ಮರದ ಎತ್ತರ ಅಳೆಯುವುದಲ್ಲವಾ? ನಿಮ್ಮ ಮನೆಯಲ್ಲಿ ತಿನ್ನುವುದೂ ಇಲ್ಲ. ಹಾಗೆ ನಿಮಗೆ ಇದರಿಂದ ಎಂತ ಉಪಯೋಗ ಅಂತ..."

ಪಾತುಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಒಂದೇ ಇಳಿಜಾರಿನಲ್ಲಿ ಒಬ್ಬರಿಗೊಬ್ಬರು ಒಂದೇ ಗುಟ್ಟನ್ನು ಮೂರು ವರ್ಷ ಮುಚ್ಚಿಟ್ಟಿದ್ದರು: ಅವನು ಬೆಳಿಗ್ಗೆ ಹೆಕ್ಕಿ ಹೋಗುತ್ತಿದ್ದ, ಅವಳು ಸಂಜೆ ಬಂದು ಹುಡುಕುತ್ತಿದ್ದಳು.

ಬಯ್ಯಲು ಬಾಯಿ ತೆರೆದ ನೀರಜಾಕ್ಷಿ ತಟ್ಟನೆ ಬೇರೆಯೇ ಒಂದು ಪ್ರಶ್ನೆ ಕೇಳಿದಳು. "ಯಾವ ಮರದ ಬುಡದಲ್ಲಿ ಸಿಗ್ತದೆ?"

"ಈ ಮೇಲಿನ ಸಾಲು ಮಾತ್ರ ಮೇಡಂ. ಕೆಳಗಿನ ಸಾಲು ದಂಡ. ಮೂರು ವರ್ಷ ಕೆದಕಿದೆ, ಒಂದು ಕಾಳು ಇಲ್ಲ. ಮೇಲೆ ಇದು ಉಂಟಲ್ಲ, ಐದನೆಯದ್ದು, ಇದು ಮಹಾತಾಯಿ, ದಿನಕ್ಕೆ ಎರಡು ಮುಷ್ಟಿ ಕೊಡ್ತದೆ. ಆಚೆಯದ್ದು ಜಿಪುಣ. ಹನ್ನೊಂದನೆಯದ್ದು ತಡ, ಜೂನ್ ಕೊನೆಗೆ ಶುರು ಮಾಡ್ತದೆ. ಹದಿನಾಲ್ಕು ಹೋದ ವರ್ಷ ಕೊಡಲಿಲ್ಲ, ಈ ವರ್ಷ ಕೊಟ್ಟಿತು..."

ನೀರಜಾಕ್ಷಿ ನೋಟ್‌ಪುಸ್ತಕ ತೆರೆದಳು. ಯಾವ ಸಸಿಗೆ ಏನು ಹಾಕಿದ್ದೆಂದು ಅವಳು ಝೇವಿಯರನಿಗೆ ಎಂದೂ ಹೇಳಿರಲಿಲ್ಲ. ಸುಕ್ಕದ ಆಸೆಯೊಂದನ್ನೇ ನಂಬಿ ಈ ಮನುಷ್ಯ ಮೂರು ಮಳೆಗಾಲ ನಲವತ್ತು ಮರಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡಿ ಮುಗಿಸಿದ್ದ. ಅವಳಾದರೂ ಇಷ್ಟು ಶ್ರದ್ಧೆಯಿಂದ ಮಾಡುತ್ತಿರಲಿಲ್ಲ. "ಮತ್ತೊಮ್ಮೆ ಮೊದಲ ಮರದಿಂದ ಹೇಳಿ, ಝೇವಿಯರ್" ಎಂದಳು, ಎಂದವಳು ಮಳೆಯಲ್ಲೇ ಗಟ್ಟಿಯಾಗಿ ನಕ್ಕಳು. ಎಂಟು ವರ್ಷಗಳ ನಗು ಒಟ್ಟಿಗೆ ಬಂದಿತ್ತು.

ನಾಲ್ಕು ದಿನಗಳಲ್ಲಿ ಹೃಷೀಕೇಶ ರಾಯರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಝೇವಿಯರನ ವರದಿಯನ್ನು ಅವನ ಬಾಯಿಂದಲೇ ಕೇಳಿ, "ಯಾವ ಗಿಡಕ್ಕೆ ಇವರು ಏನು ಹಾಕಿದ್ದರೆಂದು ನಿನಗೆ ಗೊತ್ತಿತ್ತೇನಪ್ಪ?" ಎಂದು ಕೇಳಿದರು.

"ಎಂತದೂ ಗೊತ್ತಿಲ್ಲ ಸಾರ್. ನನಗೆ ಸುಕ್ಕ ಮಾತ್ರ ಗೊತ್ತು."

"ಇಂಥ ನಿಷ್ಪಕ್ಷಪಾತಿ ಸಾಕ್ಷಿ ನನಗೆ ನಲವತ್ತು ವರ್ಷದಲ್ಲಿ ಸಿಕ್ಕಿಲ್ಲ" ಎಂದರು ರಾಯರು. ಆದರೂ ತಮ್ಮ ಕೈಯಿಂದಲೇ ಐದನೆಯ ಮರದ ಬುಡವನ್ನು ಬಗೆದರು. ಒಂದು ಉಂಡೆ ಸಿಕ್ಕಿತು. ಅದರ ಕೆಳಗಿನಿಂದ ಹೊರಟ ಬಿಳಿಯ ನೂಲನ್ನು ಭೂತಗನ್ನಡಿ ಹಿಡಿದು ಬೆನ್ನಟ್ಟಿ ಹೋದರು. ನೂಲು ಹೋಗಿ ಬೇರಿನ ತುದಿಯನ್ನು ಅಪ್ಪಿಕೊಂಡಿತ್ತು. ಅವರು ಕೆಸರಿನಲ್ಲೇ ಕುಳಿತು ಪ್ರಬಂಧದ ಪುಟ ಕೇಳಿದರು. ಝೇವಿಯರ್ ಕೊಡೆ ಹಿಡಿದ. ಸಹಿ ಸ್ವಲ್ಪ ಮಳೆಗೆ ಹರಡಿತು.

ಇಲ್ಲಿಗೆ ಡಾಕ್ಟರೇಟ್ ಬಂತು. ಮರಗಳ ಗತಿ? ಪ್ರಿನ್ಸಿಪಾಲರು ಕೈಕುಲುಕಿ ಅಭಿನಂದಿಸಿದರು. ಹಾಸ್ಟೆಲ್ ವಿಷಯ ಮಾತ್ರ ತಮ್ಮ ಕೈಯಲ್ಲಿಲ್ಲ ಎಂದರು. ನಲವತ್ತು ಮರಗಳಿಗಾಗಿ ಯಾರು ಸಮಿತಿಯ ಮುಂದೆ ಜಗಳಕ್ಕೆ ನಿಲ್ಲುತ್ತಾರೆ? ನಿಲ್ಲಬೇಕಾದರೆ ಮೊದಲು ಮರಗಳು ಇಲ್ಲಿವೆ ಎಂದು ಗೊತ್ತಿರಬೇಕಲ್ಲ. ನೀರಜಾಕ್ಷಿ ಆ ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದಳು. ಗುಟ್ಟು ಪಾತುಮ್ಮನ ಗುಡ್ಡೆಯನ್ನು ಕಾಪಾಡಿತ್ತು, ನಿಜ. ಅದೇ ಗುಟ್ಟು ತನ್ನ ಇಳಿಜಾರನ್ನು ಅನಾಥ ಮಾಡಿತ್ತು. ಸಂಜೆ ಅವಳು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಕಾಲೇಜಿನ ಗೇಟಿನ ಹೊರಗೆ ಅಂಟಿಸಿದಳು:

"ಈ ಕಾಲೇಜಿನ ಹಿಂದಿನ ಇಳಿಜಾರಿನಲ್ಲಿ, ಮೇಲಿನ ಸಾಲಿನ ಕಿರಾಲ್‌ಬೋಗಿ ಮರಗಳ ಬುಡದಲ್ಲಿ ಕಲ್ಲಣಬೆ ಹುಟ್ಟುತ್ತದೆ. ಬೇಕಾದವರು ಬಂದು ಹೆಕ್ಕಬಹುದು. ಅಕ್ಟೋಬರಿನಲ್ಲಿ ಈ ಮರಗಳನ್ನು ಕಡಿಯಲಾಗುವುದು."

ಝೇವಿಯರ್ ಓದಿ ತಲೆಯ ಮೇಲೆ ಕೈ ಹೊತ್ತುಕೊಂಡ. "ಮೇಡಂ, ಜಾಗವನ್ನು ಗೋಡೆಗೆ ಅಂಟಿಸುವುದಾ! ಊರೆಲ್ಲ ಬರ್ತದೆ!"

"ಬರಲಿ" ಎಂದಳು ನೀರಜಾಕ್ಷಿ.

ಬಂತು. ಮೊದಲ ದಿನ ಹತ್ತು ಜನ, ಇದು ಮೋಸವಿರಬಹುದೆಂದು ಅನುಮಾನಿಸುತ್ತ. ಎರಡನೆಯ ದಿನ ಕೊಡೆಗಳ ಸಾಲು ಗೇಟಿನ ಹೊರಗೂ ಚಾಚಿತ್ತು. ಹಂಚಿನ ಕಾರ್ಖಾನೆಯ ಹೆಂಗಸರು, ಬಂದರಿನ ಅಂಗಡಿಯವರು, ವಿದ್ಯಾರ್ಥಿಗಳ ತಾಯಂದಿರು, ಆಡಳಿತ ಸಮಿತಿಯ ಸದಸ್ಯರೊಬ್ಬರ ಹೆಂಡತಿ, ಮುಖ ಮರೆಸಿಕೊಂಡು ಪ್ರಿನ್ಸಿಪಾಲರ ಅಡುಗೆಯವನು. ಹೆಕ್ಕಿದವರೆಲ್ಲ ನೋಟೀಸಿನ ಕೊನೆಯ ಸಾಲನ್ನೂ ಓದಿದರು. ಓದಿದವರೆಲ್ಲ ಆಫೀಸಿಗೆ ಹೋಗಿ ಕೇಳಿದರು: ಕಡಿಯುವುದು ಯಾಕೆ? ಎದುರಿನ ಮೈದಾನ ಖಾಲಿ ಉಂಟಲ್ಲ, ಹಾಸ್ಟೆಲ್ ಅಲ್ಲಿ ಆಗುವುದಿಲ್ಲವಾ? ಸಮಿತಿಯ ಸದಸ್ಯರಿಗೆ ಮನೆಯಲ್ಲೂ ಅದೇ ಪ್ರಶ್ನೆ, ಊಟದ ಹೊತ್ತಿನಲ್ಲಿ. ಒಂದು ವಾರ ತಡೆದುಕೊಂಡರು, ಆಮೇಲೆ ಸಭೆ ಸೇರಿ ಹಾಸ್ಟೆಲನ್ನು ಎದುರಿನ ಮೈದಾನಕ್ಕೆ ವರ್ಗಾಯಿಸಿದರು.

ಆ ಸುದ್ದಿ ಬಂದ ಬೆಳಿಗ್ಗೆ ನೀರಜಾಕ್ಷಿ ಓಡೋಡಿ ಇಳಿಜಾರಿಗೆ ಹೋದಳು. ಮಳೆ ಸಣ್ಣಗೆ ಹನಿಯುತ್ತಿತ್ತು. ಐವತ್ತು ಅರುವತ್ತು ಜನ ಬಗ್ಗಿ ಮಣ್ಣು ಕೆದಕುತ್ತಿದ್ದರು. ಅವರ ನಡುವೆ, ಸೀರೆಯನ್ನು ಮೇಲೆತ್ತಿ ಕಟ್ಟಿ, ಯಾರ ಮೈಯೂ ತಾಗದಷ್ಟು ದೂರದಲ್ಲಿ ಕಲ್ಲಿನ ಮೇಲೆ ನಿಂತು, ಕೊಡೆಯನ್ನು ಕೋಲಿನಂತೆ ಬೀಸುತ್ತ ಒಬ್ಬ ಮುದುಕಿ ಕೂಗಾಡುತ್ತಿದ್ದರು. ಕದ್ರಿಯಿಂದ ಇಲ್ಲಿಯವರೆಗೆ ಒಬ್ಬರೇ ಹೇಗೆ ಬಂದರೋ, ವಾರಿಜಮ್ಮ.

"ಏ, ಕತ್ತಿ ಹಾಕಬೇಡ ಮಾರಾಯ! ಬೆರಳಿನಿಂದ ಕೆದಕು! ಬೇರಿಗೆ ತಾಗಿದರೆ ಅಣಬೆ ಸಾಯ್ತದೆ, ಅಣಬೆ ಸತ್ತರೆ ಮರ ಸೊರಗ್ತದೆ, ಅಷ್ಟೂ ಗೊತ್ತಿಲ್ಲವಾ ನಿನಗೆ? ನನ್ನ ಮಗಳು ನೆಟ್ಟದ್ದು ಇದು!"